ಮ್ಯಾಲ-ಕೆಳಗ ಮೇಜಿನ ಕಾಯಂ ಕೈ

ನನ್ನ ಕೆಲಸದ ಹೆಸರು ಕಾಯಂ ಕೈ. ಇಸ್ಪೀಟು ಕ್ಲಬ್ಬಿನಲ್ಲಿ ಆಟಗಾರನಿಗೆ ಕೈ ಅನ್ನುತ್ತಾರೆ. 'ಒಂದು ಕೈ ಕಡಿಮಿ ಐತಿ' ಅಂದರೆ ಮೇಜಿಗೆ ಒಬ್ಬ ಮನುಷ್ಯ ಬೇಕಾಗಿದ್ದಾನೆ ಎಂದರ್ಥ. ಆ ಖಾಲಿ ಕುರ್ಚಿಯಲ್ಲಿ ಕೂತು ಆಟ ನಿಲ್ಲದ ಹಾಗೆ ನೋಡಿಕೊಳ್ಳಲು ರಾಣೆಬೆನ್ನೂರಿನ ಒಂದು ಕ್ಲಬ್ಬು ನನಗೆ ತಿಂಗಳ ಪಗಾರ ಕೊಡುತ್ತಿತ್ತು. ಪಗಾರ ಕ್ಲಬ್ಬಿನದು, ಆಡುವ ದುಡ್ಡು ನನ್ನದು. ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವಾಗ ಉದ್ಯೋಗ ಎಂಬಲ್ಲಿ ಏನು ಬರೆಯಬೇಕೆಂದು ಹೆಂಡತಿ ಕೇಳಿದರೆ ನಾನು 'ಕ್ಲಬ್ಬಿನ ನೌಕರ' ಎಂದು ಹೇಳುತ್ತಿದ್ದೆ. ಅದು ಸುಳ್ಳಲ್ಲ.

ಕಣ್ಣಿಗೆ ಪೊರೆ ಬಂದು, ಮೇಜಿನ ಆಚೆ ತುದಿಯ ಇಸ್ಪೀಟೆಲೆ ಕಾಣದಂತಾದಾಗ ಕೆಲಸ ಬಿಟ್ಟೆ. ಆಪರೇಷನ್ ಆದ ಮೇಲೆ ಕಣ್ಣು ಬಂತು, ಆದರೆ ಮತ್ತೆ ಹೋಗಿ ಕೂರುವ ಮನಸ್ಸು ಬರಲಿಲ್ಲ. ಈಗ ಹರೆಯದ ಹುಡುಗರು ಮನೆಗೆ ಬಂದು ಕೇಳುತ್ತಾರೆ: "ಫಕ್ಕೀರಣ್ಣ, ಮ್ಯಾಲ-ಕೆಳಗ ಇಸ್ಪೀಟ ಆಡಿ ಜೀವನಾ ಮಾಡಬಹುದೇನ್ರಿ?" ಮಾಡಬಹುದು, ನಾನು ಮಾಡಿದ್ದೇನೆ. ಹೇಗೆ ಮಾಡಿದೆ ಎಂಬುದನ್ನೂ, ಅದು ಮಾಡುವಾಗ ಕಂಡದ್ದನ್ನೂ ಒಟ್ಟಿಗೆ ಬರೆದಿಡುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅವರಿಗೆ ಮೋಸ ಮಾಡಿದಂತಾಗುತ್ತದೆ.

ಮೊದಲು ನಾನು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ತೂಕದ ಕಾಂಟಾ ಮುಂದೆ ನಿಲ್ಲುತ್ತಿದ್ದೆ. ಜಿನ್ನು ಮುಚ್ಚಿತು. ಕ್ಲಬ್ಬಿನ ಕಾರ್ಯದರ್ಶಿ ಖಾದರ್ ಸಾಹೇಬರು ನನ್ನ ರಮ್ಮಿ ಆಟ ನೋಡಿದ್ದರು. ಕರೆದು ಕೇಳಿದರು: "ಸೋತಾಗ ನಿನ್ನ ಮುಖ ಬದಲಾಗಂಗಿಲ್ಲ. ಅದು ನಿನಗ ಗೊತ್ತೈತೇನು?" ಗೊತ್ತಿರಲಿಲ್ಲ. ಜಿನ್ನಿನಲ್ಲಿ ಹತ್ತಿಯ ಧೂಳಿನಿಂದ ಕಣ್ಣು ಕಿರಿದು ಮಾಡಿಕೊಂಡು ನಿಂತು ನಿಂತು ಮುಖ ಹಾಗಾಗಿತ್ತು. ಅವರು ಅದನ್ನು ಗುಣ ಎಂದುಕೊಂಡರು.

ಖಾದರ್ ಸಾಹೇಬರು ಎಂದೂ ಎಲೆ ಮುಟ್ಟಿದವರಲ್ಲ. ಮನೆಯಲ್ಲಿ ಉರ್ದು, ಕ್ಲಬ್ಬಿನಲ್ಲಿ ಅಚ್ಚ ಕನ್ನಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಧ್ಯಾಹ್ನ ಒಂದೇ ಕಪ್ ಚಹಾ. ಮೊದಲ ದಿನ ಅವರು ಹೇಳಿದ ಮಾತು ಒಂದೇ: "ನೀ ಗೆಲ್ಲು, ಬ್ಯಾಡನ್ನಂಗಿಲ್ಲ. ಆದರ ಸೋಲೋ ಮನುಷ್ಯಾ ನಾಳೆ ಮತ್ತ ಬಾಗಿಲಾ ದಾಟಿ ಬರಬೇಕು. ಒಬ್ಬನ್ನ ಒಂದ ದಿನದಾಗ ಪೂರಾ ಬೋಳಿಸಿದಿ ಅಂದ್ರ ನೀನೂ ಹೊರಗ." ಆ ಮಾತಿನಲ್ಲಿ ಕರುಣೆ ಎಷ್ಟು, ವ್ಯಾಪಾರ ಎಷ್ಟು ಎಂದು ನನಗೆ ಇವತ್ತಿಗೂ ಬೇರ್ಪಡಿಸಲು ಆಗಿಲ್ಲ.

ಆಗ ನಮ್ಮಲ್ಲಿ ರಮ್ಮಿ ನಡೆಯುತ್ತಿತ್ತು, ಮೂರೆಲೆ ನಡೆಯುತ್ತಿತ್ತು. ಮ್ಯಾಲ-ಕೆಳಗ ತಂದವನು ಮಂಜುನಾಥ. ರಾಣೆಬೆನ್ನೂರಿನಲ್ಲೇ ಬೀಜದ ಅಂಗಡಿ ಇಟ್ಟಿದ್ದ, ನೋಡಲು ಲಕ್ಷಣವಾದ ಆಳು, ಕೈಗೆ ದಪ್ಪ ಬೆಳ್ಳಿಯ ಕಡಗ. ಗೋವಾಕ್ಕೆ ಹೋಗಿಬಂದು, ಅಲ್ಲಿಯ ಕ್ಯಾಸಿನೋದಲ್ಲಿ ಹಿಂಗೊಂದು ಆಟ ಐತಿ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಒಬ್ಬೊಬ್ಬರಿಗೆ ನಾಲ್ಕು ಎಲೆ. ಮೇಜಿನ ನಡುವೆ ಎಲ್ಲರಿಗೂ ಕಾಣುವಂತೆ ಐದು. ಕೈಯೊಳಗಿನ ಎರಡು, ನಡುವಿನ ಮೂರು ಸೇರಿಸಿ ಐದರ ಜೋಡಣೆ ಮಾಡಬೇಕು. ಎಲ್ಲರಿಗಿಂತ ದೊಡ್ಡ ಜೋಡಣೆಯವನಿಗೆ, ಎಲ್ಲರೂ ಹಾಕಿದ ದುಡ್ಡಿನ ರಾಶಿಯ ಅರ್ಧ, ಅದು ಮ್ಯಾಲಿನ ಪಾಲು. ಎಂಟು ಮತ್ತು ಅದಕ್ಕಿಂತ ಸಣ್ಣ ಎಲೆಗಳನ್ನೇ, ಜೋಡಿ ಬೀಳದ ಹಾಗೆ ಕೂಡಿಸಿ ಎಲ್ಲರಿಗಿಂತ ಸಣ್ಣದು ತಂದವನಿಗೆ ಇನ್ನರ್ಧ, ಅದು ಕೆಳಗಿನ ಪಾಲು. ಎಕ್ಕ ಎರಡೂ ಕಡೆ ನಡೆಯುತ್ತದೆ. ಕೆಳಗಿನದು ಯಾರಿಗೂ ಕೂಡದಿದ್ದರೆ ಪೂರಾ ರಾಶಿ ಮ್ಯಾಲಿನವನಿಗೆ.

ಜನ ಈ ಆಟಕ್ಕೆ ಮರುಳಾದರು. ಕಾರಣ ಸರಳ: ಎರಡು ಕಡೆ ಗೆಲ್ಲುವ ಅವಕಾಶ ಇದೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಮೂರೆಲೆಯಲ್ಲಿ ಎಲೆ ಒಗೆದು, ಅಂದರೆ ಆ ಆಟ ಬಿಟ್ಟುಕೊಟ್ಟು, ಸುಮ್ಮನೆ ಕೂರುವವರು ಇಲ್ಲಿ ಒಗೆಯುವುದೇ ಇಲ್ಲ. ಮ್ಯಾಲೆ ಹೋದರೆ ಕೆಳಗಾದರೂ ಸಿಗುತ್ತದೆ ಎಂದು ಕೊನೆಯ ಎಲೆಯವರೆಗೂ ದುಡ್ಡು ಹಾಕುತ್ತಾರೆ. ಕಾಯಂ ಕೈಯ ಹೊಟ್ಟೆ ತುಂಬುವುದು ಆ ಆಸೆಯಿಂದಲೇ.

ನಾನು ಮಾಡಿದ ಮೊದಲ ತಪ್ಪನ್ನು ಹೇಳುತ್ತೇನೆ, ಏಕೆಂದರೆ ಎಲ್ಲರೂ ಅದನ್ನೇ ಮಾಡುತ್ತಾರೆ. ನನ್ನ ಕೈಯಲ್ಲಿ ಎಕ್ಕ ಮತ್ತು ಎರಡು ಇದ್ದವು. ಕೆಳಗಿನ ಪಾಲಿಗೆ ಅದಕ್ಕಿಂತ ಚಲೋ ಎಲೆ ಇಲ್ಲ. ಮೂವರು ಉಳಿದಿದ್ದೆವು. ನಾನು ಧೈರ್ಯವಾಗಿ ಪಣ ಏರಿಸಿದೆ, ಮತ್ತೆ ಏರಿಸಿದೆ. ಎಲೆ ತೆರೆದಾಗ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ವಾಮನರಾಯರ ಕೈಯಲ್ಲೂ ಎಕ್ಕ ಮತ್ತು ಎರಡು. ಕೆಳಗಿನ ಅರ್ಧವನ್ನು ನಾವಿಬ್ಬರೂ ಹಂಚಿಕೊಳ್ಳಬೇಕಾಯಿತು. ಮೂವರೂ ನೂರು ನೂರು ಹಾಕಿದ್ದರೆ ರಾಶಿ ಮುನ್ನೂರು. ಅದರ ಕಾಲುಪಾಲು ಎಪ್ಪತ್ತೈದು. ಗೆದ್ದೆ ಎಂದು ಎಳೆದುಕೊಂಡ, ದುಡ್ಡಿನ ಬದಲು ಆಡುವ ಬಿಲ್ಲೆಗಳು ನಾನು ಹಾಕಿದ್ದಕ್ಕಿಂತ ಕಡಿಮೆ. ಗೆದ್ದು ಸೋಲುವುದು ಈ ಆಟದಲ್ಲಿ ಮಾತ್ರ ಇದೆ. ವಾಮನರಾಯರು ಕನ್ನಡಕ ಸರಿಮಾಡಿಕೊಂಡು, "ಫಕ್ಕೀರಪ್ಪ, ನಾವಿಬ್ರೂ ಇವತ್ತ ಮೂರನೇದವ್ರ ಮನಿಗೆ ದುಡದ್ವಿ," ಅಂದರು.

ಅವತ್ತಿನಿಂದ ನನ್ನ ಆಟ ಬದಲಾಯಿತು. ಅರ್ಧಕ್ಕಾಗಿ ಆಡುವುದನ್ನು ಬಿಟ್ಟೆ. ಮ್ಯಾಲಿನದನ್ನೂ ಕೆಳಗಿನದನ್ನೂ ಎರಡನ್ನೂ ಎಳೆಯುವ ದಾರಿ ಇದ್ದರೆ ಮಾತ್ರ ದುಡ್ಡು ಹಾಕಬೇಕು. ಎಕ್ಕ, ಎರಡು, ಜೊತೆಗೆ ಮೂರು ಇದ್ದರೆ ಚಲೋ. ನಡುವೆ ಇನ್ನೊಂದು ಎರಡು ಬಿದ್ದು, ಜೋಡಿಯಾಗಿ ನಿಮ್ಮ ಎರಡು ಕೆಟ್ಟರೂ ಮೂರು ಕಾಯುತ್ತದೆ. ಎಕ್ಕದ ಜಾತಿಯದೇ ಇನ್ನೊಂದು ಎಲೆ ಕೈಯಲ್ಲಿದ್ದರೆ ಇನ್ನೂ ಚಲೋ, ಒಂದೇ ಜಾತಿಯ ಐದು ಕೂಡಿ ಮ್ಯಾಲಿನದೂ ಬರಬಹುದು. ಆರು, ಏಳು, ಎಂಟು, ಒಂಬತ್ತು ಒಟ್ಟಿಗೆ ಬಂದರೆ ನೋಡಲು ಚಂದ, ಹೊಸಬರು ಅದಕ್ಕೇ ಬೀಳುತ್ತಾರೆ. ಅದು ಮ್ಯಾಲೂ ಎರಡನೇದು, ಕೆಳಗೂ ಎರಡನೇದು. ಅದನ್ನು ನೋಡಿದ ಕೂಡಲೇ ಒಗೆಯಬೇಕು. ಸಾಧ್ಯವಾದಷ್ಟೂ ಕೊನೆಗೆ ಮಾತಾಡುವ ಕುರ್ಚಿಯಲ್ಲಿ ಕೂರಬೇಕು, ಉಳಿದವರು ಏನು ಮಾಡಿದರು ಎಂದು ನೋಡಿ ಆಮೇಲೆ ಕೈ ಚಾಚಲು. ಸೋತ ಸಿಟ್ಟಿನಲ್ಲಿ ಇದ್ದಾಗ ಎದ್ದು ಹೋಗಿ ಮುಖ ತೊಳೆದುಕೊಳ್ಳಬೇಕು. ಕೆಲಸ ಅಂದರೆ ಇಷ್ಟೇ. ಹೆಚ್ಚಿನ ಹೊತ್ತು ಎಲೆ ಒಗೆಯುವುದು, ಸುಮ್ಮನೆ ಕೂರುವುದು, ಉಳಿದವರನ್ನು ನೋಡುವುದು. ಜಿನ್ನಿನಲ್ಲಿ ಕಾಂಟಾ ಮುಂದೆ ನಿಂತಷ್ಟೇ ಬೇಸರದ ಕೆಲಸ.

ಆದರೆ ನೋಡುತ್ತಾ ಕೂತವನಿಗೆ ನೋಡಬಾರದ್ದೂ ಕಾಣುತ್ತದೆ.

ಬ್ಯಾಡಗಿಯಿಂದ ಗುರುಶಾಂತಪ್ಪ ಸಾವ್ಕಾರರು ಬರುತ್ತಿದ್ದರು. ಮೆಣಸಿನಕಾಯಿ ದಲಾಲಿ ಅಂಗಡಿ ಅವರದು. ಅವರು ಕೂತರೆ ಪಕ್ಕದವರು ಸೀನುತ್ತಿದ್ದರು, ಧೋತರಕ್ಕೆಲ್ಲ ಘಾಟು ಹತ್ತಿರುತ್ತಿತ್ತು. ಮಾತು ಕಡಿಮೆ. ಮಂಜುನಾಥ ಅವರ ದೊಡ್ಡ ಮಗಳ ಗಂಡ. ಮಾವ ಅಳಿಯ ಒಂದೇ ಮೇಜಿಗೆ ಕೂರುವುದು ನಮ್ಮ ಕಡೆ ನೋಡಲು ಚಂದ ಅಲ್ಲ. ಆದರೂ ಅವರು ಅಳಿಯ ಇದ್ದ ಮೇಜನ್ನೇ ಹುಡುಕಿಕೊಂಡು ಬಂದು ಕೂರುತ್ತಿದ್ದರು, ಮತ್ತು ಸೋಲುತ್ತಿದ್ದರು.

ಪಾಪ ಅನ್ನಿಸಿ ಒಂದು ಮಧ್ಯಾಹ್ನ ಚಹಾ ಹೊತ್ತಿನಲ್ಲಿ ಆಟದ ಮರ್ಮ ಹೇಳಿಕೊಡಲು ಹೋದೆ. ಖಾದರ್ ಸಾಹೇಬರಿಗೂ ಅದು ಬೇಕಿತ್ತು, ಸೋಲುವವರು ಸಾವಕಾಶ ಸೋಲಲಿ ಎಂದು. ನಾನು ಆರು-ಏಳು-ಎಂಟು-ಒಂಬತ್ತರ ವಿಷಯ ಶುರು ಮಾಡಿದ್ದೆ. ಅವರು ಚಹಾ ಬಸಿ ತಟ್ಟೆಗೆ ಸುರುವಿಕೊಳ್ಳುತ್ತಾ ಉಳಿದದ್ದನ್ನು ತಾವೇ ಹೇಳಿದರು. ಎಕ್ಕ-ಎರಡು ಇದ್ದರೂ ಮೂವರಿದ್ದಾಗ ಯಾಕೆ ಏರಿಸಬಾರದು, ಕಾಲುಪಾಲು ಹೇಗೆ ತಿನ್ನುತ್ತದೆ, ಎದುರಿನವನು ಕೆಳಗಿನದಕ್ಕೆ ಕಾಯುತ್ತಿದ್ದಾನೆ ಎಂದು ಯಾವಾಗ ತಿಳಿಯುತ್ತದೆ. ನಾನು ದುಡ್ಡು ಕಳೆದುಕೊಂಡು ಕಲಿತದ್ದೆಲ್ಲ ಅವರಿಗೆ ಗೊತ್ತಿತ್ತು. "ಹಂಗಾರ ಹಂಗ ಯಾಕ ಆಡಂಗಿಲ್ರಿ ಸಾವ್ಕಾರ್ರ?" ಎಂದೆ. "ಎಲಿ ಬರಬೇಕಲ್ಲಪಾ," ಎಂದು ಎದ್ದರು.

ಎಲೆ ಬರುತ್ತಿತ್ತು. ಆಮೇಲೆ ನಾನು ಅವರನ್ನೇ ನೋಡತೊಡಗಿದೆ. ಅಳಿಯ ಎಲೆ ಒಗೆದ ಆಟದಲ್ಲಿ ಅವರು ಬೇರೆಯೇ ಮನುಷ್ಯ. ಕಾಯುತ್ತಿದ್ದರು, ಒಗೆಯುತ್ತಿದ್ದರು, ಸರಿಯಾದ ಹೊತ್ತಿಗೆ ಏರಿಸಿ ಎರಡೂ ಪಾಲು ಎಳೆಯುತ್ತಿದ್ದರು. ಅಂಥ ಆಟವನ್ನು ನಾನು ಆ ಕ್ಲಬ್ಬಿನಲ್ಲಿ ಬೇರೆ ಯಾರಿಂದಲೂ ಕಾಣಲಿಲ್ಲ. ಅಳಿಯ ಆಟದಲ್ಲಿ ಉಳಿದರೆ ಮಾತ್ರ ಚಲೋ ಎಲೆ ಬಂದರೂ ಬಾರದಿದ್ದರೂ ಏರಿಸುತ್ತಾ ಹೋಗುತ್ತಿದ್ದರು. ರಾಶಿ ಬೆಳೆಯುತ್ತಿತ್ತು, ಕೊನೆಗೆ ಎಲೆ ತೋರಿಸದೆ ಒಗೆದುಬಿಡುತ್ತಿದ್ದರು. ಇಬ್ಬರ ನಡುವೆ ಸಿಕ್ಕ ಮೂರನೆಯವನು ಎರಡೂ ಕಡೆಯ ಏರಿಕೆಗೆ ದುಡ್ಡು ತೆತ್ತು ಹಿಂಡಿಹೋಗುತ್ತಿದ್ದ. ಪಾಲಿನ ಆಟದಲ್ಲಿ ಇಬ್ಬರು ಕೂಡಿಕೊಂಡರೆ ಮಾಡುವ ಮೋಸ ಇದೇ. ಯಾವ ಮೇಜಿನಲ್ಲಾದರೂ ಇಬ್ಬರು ಹೀಗೆ ನಿಮ್ಮನ್ನು ನಡುವೆ ಇಟ್ಟುಕೊಂಡು ಏರಿಸುತ್ತಿದ್ದರೆ, ಕೈಯಲ್ಲಿ ಏನೇ ಇರಲಿ, ಎದ್ದುಬಿಡಿ.

ವಾಮನರಾಯರು ಎರಡು ಸಲ ಹಿಂಡಿಸಿಕೊಂಡು ಖಾದರ್ ಸಾಹೇಬರ ಹತ್ತಿರ ಹೋದರು. "ಮಾವ ಅಳಿಯಾ ಕೂಡಿ ಆಡಾಕತ್ತಾರ. ನನಗ ಇಲ್ಲಿ ಬರೋದು ಬ್ಯಾಡಾಗೈತಿ," ಅಂದರು. ಸಾಹೇಬರು ನನ್ನನ್ನು ಕರೆದರು. "ಖರೇ ಏನು?"

"ಕಾಣೋದು ಹಂಗ ಐತ್ರಿ. ಆದರ ಕೂಡಿ ಆಡಿದ್ರ ಗೆದ್ದದ್ದು ಇಬ್ರೂ ಹಂಚಿಕೋಬೇಕಲ್ರಿ. ಸಾವ್ಕಾರ್ರು ಹಂಚಿಕೊಂಡವರ ಮುಖಾ ಮಾಡಂಗಿಲ್ಲ."

"ಹೋಗಿ ಕೇಳು," ಎಂದರು.

ಬ್ಯಾಡಗಿಗೆ ಹೋದೆ. ಸುಗ್ಗಿಯ ಕಾಲ, ಪೇಟೆ ತುಂಬಾ ಮೆಣಸಿನಕಾಯಿ ಚೀಲ, ಕಣ್ಣು ಬಿಡಲಾಗದಷ್ಟು ಘಾಟು. ಗುರುಶಾಂತಪ್ಪನವರು ಅಂಗಡಿಯಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿಯ ಚೀಲಕ್ಕೆ ಕೈ ಹಾಕಿ ಕಾಯಿ ಹಿಚುಕಿ ನೋಡುತ್ತಿದ್ದರು. ನಾನು ಬಂದ ಕಾರಣ ಅವರಿಗೆ ನನ್ನ ಮುಖ ನೋಡಿದ ಕೂಡಲೇ ತಿಳಿಯಿತು. ಒಳಗಿನ ಗಾದಿಯ ಮೇಲೆ ಕೂಡಿಸಿಕೊಂಡರು.

"ಫಕ್ಕೀರಪ್ಪ, ನನ್ನ ಮಗಳು ಶೈಲಾನ್ನ ನೋಡಿಯೇನು?"

"ಇಲ್ರಿ."

"ಮದುವಿ ಆದ ಹೊಸದಾಗಿ ಒಮ್ಮೆ ಮನಿಗೆ ಬಂದಿದ್ಲು. ಕಣ್ಣಿನ ಕೆಳಗ ಕಪ್ಪಾಗಿತ್ತು. ಕೇಳಿದ್ರ ಬಚ್ಚಲದಾಗ ಬಿದ್ದೆ ಅಂದ್ಲು. ಅವರ ಓಣಿಯವರು ನನಗ ಹೇಳಿದ್ರು, ಅಂವ ಹಿಂದಿನ ದಿನ ಮೂರೆಲಿಯೊಳಗ ಭಾಳ ಸೋತಿದ್ದ ಅಂತ." ಅವರು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ನಾ ಕೈಯಾಗ ರೊಕ್ಕಾ ಕೊಡಾಕ ಹೋದೆ. ಮಾವನ ಮುಂದ ಕೈ ಚಾಚೋ ಮನುಷ್ಯಾ ಅಲ್ಲ ನಾನು ಅಂತ ಎಲ್ಲಾರ ಎದುರಿಗೆ ಚೆಲ್ಲಿದ. ಅವತ್ತೂ ಆಕಿಗೆ ಪೆಟ್ಟು ಬಿದ್ದವು. ಅದಕ್ಕ ಈ ದಾರಿ ಹಿಡದೇನಿ. ಆಟದಾಗ ಗೆದ್ರ ಅಂವನ ಮರ್ಯಾದಿಗೆ ಕುಂದಿಲ್ಲ. ಗೆದ್ದಾಂವ ಮನಿಗೆ ನಕ್ಕೋತ ಹೊಕ್ಕಾನ."

"ಮಗಳನ್ನ ಕರಕೊಂಡ ಬರ್ರಲ್ಲ, ಸಾವ್ಕಾರ್ರ."

"ಹೋಗಿದ್ದೆ. ತಂಗಿ ಮದುವಿ ಆಗೂತನಕಾ ಬರಂಗಿಲ್ಲ, ಗಂಡನ್ನ ಬಿಟ್ಟ ಬಂದ ಅಕ್ಕ ಮನಿಯಾಗ ಕುಂತ್ರ ಆಕಿಗೆ ಯಾರು ಬರ್ತಾರ, ಅಂತಾಳ. ಫೋನ್ ಮಾಡಿದಾಗೊಮ್ಮೆ ಆರಾಮ ಅದೀನಪಾ ಅಂತಾಳ." ಕೈಯಲ್ಲಿದ್ದ ಮೆಣಸಿನಕಾಯಿಯನ್ನು ತಿರುಗಿಸುತ್ತಾ ಕೂತರು. "ವಾಮನರಾಯರದು ಎಷ್ಟು ಹೋಗೈತಿ ಹೇಳು, ಕೊಡತೇನಿ. ಆದರ ನನ್ನ ಎಬ್ಬಿಸಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳು."

ನಾನು ಬಂದು ಹೇಳಿದೆ. ಖಾದರ್ ಸಾಹೇಬರಿಗೂ ಹೆಣ್ಣುಮಕ್ಕಳಿದ್ದರು. "ಆ ಮನುಷ್ಯಾನ ದುಃಖ ನನಗ ತಿಳೀತೈತಿ. ಆದರ ಅದರ ಖರ್ಚು ವಾಮನರಾಯರು ಯಾಕ ಕೊಡಬೇಕು? ನಾಳೆ ಮತ್ತೊಬ್ಬರು ಯಾಕ ಕೊಡಬೇಕು? ಇಬ್ಬರನ್ನೂ ಒಂದ ಮೇಜಿಗೆ ಕೂಡಿಸಬ್ಯಾಡ," ಎಂದರು. ಅವರು ಹೇಳಿದ್ದು ನ್ಯಾಯವೇ. ಕಾರ್ಯದರ್ಶಿಯಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಮರುದಿನದಿಂದ ಸಾವ್ಕಾರರನ್ನು ರಮ್ಮಿಯ ಮೇಜಿಗೆ ಕಳಿಸಿದೆವು. ಅವರು ಅಲ್ಲಿ ಕೂತು ಆಡಲಿಲ್ಲ. ಕುರ್ಚಿ ತಿರುಗಿಸಿಕೊಂಡು ನಮ್ಮ ಮೇಜಿನ ಕಡೆ ನೋಡುತ್ತಾ ಕೂತು, ಸಂಜೆ ಬಸ್ಸಿಗೆ ಎದ್ದು ಹೋಗುತ್ತಿದ್ದರು.

ಮಾವನ ಆಸರೆ ಹೋದ ಮೇಲೆ ಮಂಜುನಾಥ ಸೋಲತೊಡಗಿದ. ಆಟ ತಂದವನಿಗೇ ಆಟ ಬರುತ್ತಿರಲಿಲ್ಲ. ಪ್ರತಿ ಎಲೆಗೂ ದುಡ್ಡು ಹಾಕುತ್ತಿದ್ದ, ಅರ್ಧ ಸಿಕ್ಕರೆ ಪೂರ್ತಿ ಗೆದ್ದವನ ಹಾಗೆ ಎದೆ ಉಬ್ಬಿಸುತ್ತಿದ್ದ, ಸೋತರೆ ಎಲೆ ಹಂಚಿದವನನ್ನು ಬೈಯುತ್ತಿದ್ದ. ಅಂಥವನ ಎದುರಿನ ಕುರ್ಚಿ ಕಾಯಂ ಕೈಗೆ ಹಬ್ಬ. ಆದರೆ ಅವನ ಬಿಲ್ಲೆ ನನ್ನ ಕಡೆ ಬಂದಾಗೊಮ್ಮೆ ನಾನು ಎಂದೂ ಕಂಡಿರದ ಆ ಹೆಣ್ಣುಮಗಳ ನೆನಪಾಗುತ್ತಿತ್ತು.

ಅಮಾವಾಸ್ಯೆಯ ಮರುದಿನ, ಮಧ್ಯಾಹ್ನ. ಮಂಜುನಾಥ ಬೆಳಿಗ್ಗೆಯಿಂದ ಸೋತಿದ್ದ. ನನಗೆ ಕಳಾವರದ ಎಕ್ಕ, ಕಳಾವರದ ಎರಡು, ಜೊತೆಗೊಂದು ಮೂರು, ಒಂದು ರಾಜ ಬಂದವು. ನಡುವೆ ಕಳಾವರದ ನಾಲ್ಕು ಮತ್ತು ಏಳು, ಆಮೇಲೆ ಬೇರೆ ಜಾತಿಯ ಗುಲಾಮ, ಆರು, ಕೊನೆಗೆ ಕಳಾವರದ ರಾಣಿ ಬಿತ್ತು. ಮ್ಯಾಲಿನದಕ್ಕೆ ನನ್ನದಕ್ಕಿಂತ ದೊಡ್ಡದು ಇರುವುದು ಸಾಧ್ಯವಿರಲಿಲ್ಲ. ಕೆಳಗಿನದಕ್ಕೂ ನನ್ನದಕ್ಕಿಂತ ಸಣ್ಣದು ಸಾಧ್ಯವಿರಲಿಲ್ಲ. ಈ ಆಟದಲ್ಲಿ ಮನುಷ್ಯ ಕಾಯುವುದು ಇಂಥ ಕೈಗೆ. ಉಳಿದವರೆಲ್ಲ ಒಗೆದಿದ್ದರು. ಮಂಜುನಾಥ ತನ್ನ ಮುಂದೆ ಇದ್ದದ್ದನ್ನೆಲ್ಲ ನಡುವಿಗೆ ನೂಕಿದ.

ನಾನು ತಲೆ ಎತ್ತಿದೆ. ಆಚೆ ರಮ್ಮಿ ಮೇಜಿನ ಹತ್ತಿರ ಗುರುಶಾಂತಪ್ಪನವರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಬೇಡಿಕೆ ಏನೂ ಇರಲಿಲ್ಲ. ಸುಮ್ಮನೆ ನೋಡುತ್ತಿದ್ದರು.

ಎಲೆ ಒಗೆದೆ.

ಮಂಜುನಾಥ ನಕ್ಕು ರಾಶಿ ಎಳೆದುಕೊಂಡ. "ಕಾಯಂ ಕೈ ಇವತ್ತ ನಡುಗಿತು," ಎಂದ. ನಾನು ನಕ್ಕೆ. ಅವನು ಆಮೇಲೂ ಒಂದೆರಡು ಆಟ ಗೆದ್ದು ಎಲ್ಲರಿಗೂ ಚಹಾ ಹೇಳಿ, ಬಿಸಿಲು ಇರುವಾಗಲೇ ಎದ್ದು ಹೋದ. ಸಾವ್ಕಾರರು ನನ್ನ ಹಿಂದಿನಿಂದ ಹಾದುಹೋಗುವಾಗ ಹೆಗಲ ಮೇಲೆ ಕೈ ಇಟ್ಟು ತೆಗೆದರು. ಖಾದರ್ ಸಾಹೇಬರು ನೋಡಿದ್ದರು. ನನ್ನ ಎಲೆಗಳನ್ನು ತಿರುವಿ ನೋಡಿ ಮತ್ತೆ ಕವುಚಿ ಹಾಕಿದರು. "ನಿನ್ನ ರೊಕ್ಕಾ, ನಿನ್ನ ಖುಷಿ. ಆದರ ಎಷ್ಟ ದಿನಾ ಒಗೀತಿ?" ಎಂದು ಕೇಳಿದರು.

ಮರುದಿನ ಮುಂಜಾನೆ ಹಲ್ಲುಜ್ಜುವಾಗ ಫೋನು ಬಂತು. ಗುರುಶಾಂತಪ್ಪನವರ ದನಿ.

"ಫಕ್ಕೀರಪ್ಪ, ಶೈಲಾನ್ನ ಹಾವೇರಿ ದವಾಖಾನಿಗೆ ಹಾಕ್ಯಾರಂತ. ಓಣಿಯವರು ಒಯ್ದಾರ. ನಿನ್ನಿ ನಾ ಹೋದ ಮ್ಯಾಲ ಅಂವ ಮತ್ತ ಬಂದು ಆಡಿ ಸೋತನೇನು?"

"ಇಲ್ರಿ. ಮತ್ತ ಬರಲಿಲ್ಲ. ಗೆದ್ದಾಂವ ಗೆದ್ದಂಗ ಹೋದ."

ಅವರು ಮತ್ತೆ ಕೇಳಿದರು, ಸಣ್ಣ ದನಿಯಲ್ಲಿ: "ಗೆದ್ದ ಹೋದ್ನ?"

ಹಾವೇರಿಗೆ ಹೋದೆ. ನಾನು ಹೋಗುವ ಹೊತ್ತಿಗೆ ಅವರು ಹೆಂಗಸರ ವಾರ್ಡಿನಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದರು. ಶೈಲಾಳ ಬಲಗೈ ಮುರಿದಿತ್ತು. ಮುಖದ ಒಂದು ಮಗ್ಗಲು ಊದಿ, ಆ ಕಡೆಯ ಕಣ್ಣು ಮುಚ್ಚಿಹೋಗಿತ್ತು. ಅಪ್ಪ ಅವಳನ್ನು ಅದೇ ಮಾತು ಕೇಳುತ್ತಿದ್ದರು, ಎಷ್ಟನೇ ಸಲವೋ. "ಅಂವ ಗೆದ್ದ ಬಂದಿದ್ದನಲ್ಲವ್ವಾ."

ಅವಳು ಮಾತಾಡಲು ತುಟಿ ಬಿಡಿಸುವುದಕ್ಕೇ ಕಷ್ಟಪಟ್ಟಳು.

"ಗೆದ್ದಾಗನ ಅಪ್ಪಾ ಹೊಡಿಯೋದು. ಗೆದ್ದ ದಿನ ಕುಡದ ಬರ್ತಾನ. ಸೋತ ದಿನ ಕುಡಿಯಾಕ ರೊಕ್ಕ ಇರಂಗಿಲ್ಲ, ಸುಮ್ನ ಬಂದು ಮಕ್ಕೋತಾನ."

"ಆ ಮೊದಲನೇ ಸಲ..."

"ಆವತ್ತ ಗೆಳ್ಯಾರು ಕುಡಿಸಿದ್ರು. ನೀ ರೊಕ್ಕಾ ಕೊಡಾಕ ಬಂದ ದಿನಾನೂ ಅವರ ಕುಡಿಸಿದ್ದು."

ಗುರುಶಾಂತಪ್ಪನವರು ಸ್ಟೂಲಿನ ಮೇಲಿಂದ ಏಳಲು ಹೋಗಿ, ಎದ್ದು ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಮತ್ತೆ ಕೂತರು. ವರ್ಷಗಟ್ಟಲೆ ಚಲೋ ಎಲೆಗಳನ್ನು ಕವುಚಿ ಒಗೆದು, ಮಗಳಿಗೆ ನೆಮ್ಮದಿ ಕೊಳ್ಳುತ್ತಿದ್ದೇನೆ ಎಂದುಕೊಂಡ ಮನುಷ್ಯ ಅವರು. ಕೊಂಡದ್ದು ಏನು ಎಂದು ಆ ವಾರ್ಡಿನಲ್ಲಿ ಅವರಿಗೆ ತಿಳಿಯಿತು. ಶೈಲಾಗೂ ಅಲ್ಲಿಯವರೆಗೆ ಗಂಡ ಯಾರ ದುಡ್ಡು ಗೆದ್ದು ಬರುತ್ತಿದ್ದ ಎಂದು ಗೊತ್ತಿರಲಿಲ್ಲ. ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ, ಅವಳಿಗೆ ಹೊಳೆದಿರಬೇಕು. ಮುರಿಯದ ಕೈಯಿಂದ ಅಪ್ಪನ ಧೋತರದ ಅಂಚು ಹಿಡಿದುಕೊಂಡಳು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಹಿಂದಿನ ಮಧ್ಯಾಹ್ನ ನಾನು ಒಗೆದ ಎಲೆಯ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿ ಏನು ಮಾಡಲಿ.

ಅವಳು ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಪೊಲೀಸರಿಗೆ ದೂರು ಕೊಟ್ಟಳು. ಅದು ಕೋರ್ಟಿನಲ್ಲಿ ಎಳೆದಾಡಿ, ಸಾಕ್ಷಿ ಹೇಳುವ ಹೊತ್ತಿಗೆ ಓಣಿಯವರು ನಾವೇನೂ ನೋಡಿಲ್ಲ ಅಂದರು. ತಂಗಿಯ ಮದುವೆ ಮುರಿಯಲಿಲ್ಲ. ಗಂಡಿನ ಕಡೆಯವರು ಅಕ್ಕನ ವಿಷಯ ಕೇಳಿಯೂ ಒಪ್ಪಿದರು. ಅಷ್ಟು ವರ್ಷ ಯಾವ ಭಯಕ್ಕೆ ಅವಳು ಆ ಮನೆಯಲ್ಲಿ ಇದ್ದಳೋ ಆ ಭಯಕ್ಕೆ ಬುಡವೇ ಇರಲಿಲ್ಲ. ಊತ ಇಳಿದರೂ ಶೈಲಾಳ ಮುಚ್ಚಿಹೋಗಿದ್ದ ಕಣ್ಣಿನ ದೃಷ್ಟಿ ಪೂರಾ ಬರಲಿಲ್ಲ.

ಖಾದರ್ ಸಾಹೇಬರು ಮಂಜುನಾಥನನ್ನು ಕ್ಲಬ್ಬಿಗೆ ಸೇರಿಸದ ಹಾಗೆ ಮಾಡಿದರು. ಬಾಗಿಲಲ್ಲಿ ನಿಂತು ಅವನು ಕೂಗಾಡಿದ. ಸಾಹೇಬರು ಒಂದೇ ಮಾತು ಹೇಳಿದರು: "ಹೆಂಗಸಿನ ಮ್ಯಾಲ ಕೈ ಮಾಡಿದವನ ಜೋಡಿ ನಮ್ಮ ಮಂದಿ ಕುಂದ್ರಂಗಿಲ್ಲ." ನಿಜ ಹೇಳಬೇಕೆಂದರೆ ನಮ್ಮ ಮಂದಿಯಲ್ಲಿ ಹಾಗೆ ಕೈ ಮಾಡುವವರು ಇನ್ನೂ ಇದ್ದರು. ಅವರು ತಲೆ ತಗ್ಗಿಸಿ ಎಲೆ ನೋಡುತ್ತಾ ಕೂತಿದ್ದರು. ಸ್ವಲ್ಪ ಕಾಲದಲ್ಲೇ ಎಲ್ಲರ ಕೈಗೂ ಸ್ಮಾರ್ಟ್ ಫೋನು ಬಂತು, ಫೋನಿನಲ್ಲೇ ಆಟ ಬಂತು. ಮಂಜುನಾಥ ಬೀಜದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೆರಳಲ್ಲಿ ಆಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆಮೇಲೆ ಆ ಆಟಗಳು ಬಂದ್ ಆದವು ಅಂದರು, ಅವನ ಅಂಗಡಿಯೂ ಬಾಗಿಲು ಹಾಕಿತು. ಈಗ ಎಲ್ಲಿದ್ದಾನೋ.

ನಾನು ಕೆಲಸ ಬಿಡಲಿಲ್ಲ. ಮನೆ ನಡೆಯಬೇಕಿತ್ತು. ಆ ಮೇಜಿನಲ್ಲಿ ಮತ್ತೂ ಬಹಳ ವರ್ಷ ಕೂತು, ಎರಡೂ ಪಾಲು ಬರುವ ಕೈಗೆ ಕಾದು, ಉಳಿದದ್ದನ್ನು ಒಗೆದು ಬದುಕಿದೆ. ಯಾರ ಬಿಲ್ಲೆ ಎಳೆದುಕೊಳ್ಳುವಾಗಲೂ ಅವನ ಮನೆಯಲ್ಲಿ ಯಾರಿದ್ದಾರೆ ಎಂದು ಯೋಚಿಸದೆ ಇರುವುದನ್ನು ರೂಢಿ ಮಾಡಿಕೊಂಡೆ. ಲಾಭ ಮಾಡಬೇಕಾದರೆ ಅದನ್ನೂ ಕಲಿಯಬೇಕು. ಹುಡುಗರು ಕೇಳುವಾಗ ಎಲೆಯ ಲೆಕ್ಕ ಮಾತ್ರ ಕೇಳುತ್ತಾರೆ. ಈ ಪಾಠ ಯಾರೂ ಕೇಳುವುದಿಲ್ಲ, ನಾನಾಗಿ ಹೇಳಿದರೆ ಮುದುಕನ ಗೊಣಗಾಟ ಎಂದುಕೊಳ್ಳುತ್ತಾರೆ.

ಗುರುಶಾಂತಪ್ಪನವರು ಆಮೇಲೆ ಕ್ಲಬ್ಬಿಗೆ ಬರಲಿಲ್ಲ. ಅಂಗಡಿಯಲ್ಲಿ ಕೂರುತ್ತಿದ್ದರು, ವ್ಯಾಪಾರ ಶೈಲಾ ನೋಡಿಕೊಳ್ಳುತ್ತಿದ್ದಳು. ಶನಿವಾರಕ್ಕೊಮ್ಮೆ ಕದರಮಂಡಲಗಿಯ ಹಣಮಪ್ಪನ ಗುಡಿಗೆ ಹೋಗಿ ಬರುವುದು ಬಿಟ್ಟರೆ ಹೊರಗೆ ಹೆಜ್ಜೆ ಇಡುತ್ತಿರಲಿಲ್ಲ. ಮಗಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದರು ಎಂದು ಅಂಗಡಿಯ ಹಮಾಲರು ಹೇಳುತ್ತಿದ್ದರು. ಒಂದು ದಿನ ಗಾದಿಯ ಮೇಲೆ ಒರಗಿದವರು ಏಳಲಿಲ್ಲ.

ಅವರನ್ನು ಮಣ್ಣು ಮಾಡುವಾಗ ಹೋಗಲು ಆಗಿರಲಿಲ್ಲ, ಕೆಲವು ದಿನ ಬಿಟ್ಟು ಬ್ಯಾಡಗಿಗೆ ಹೋದೆ. ಅಂಗಡಿಯಲ್ಲಿ ಮೆಣಸಿನಕಾಯಿ ಹರಾಜಿನ ಗಡಿಬಿಡಿ ಮುಗಿದಿತ್ತು. ಶೈಲಾ ನನ್ನನ್ನು ಒಳಗೆ ಕೂಡಿಸಿ ನೀರು ಕೊಟ್ಟಳು. ಸೆರಗಿನಿಂದ ಆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಘಾಟಿಗೆ ಅದೊಂದೇ ಕಣ್ಣು ನೀರಾಡುತ್ತದೆ ಎಂದಳು. ಏನೇನೋ ಮಾತಾಡಿದೆವು. ಏಳಲು ಹೊರಟಾಗ ಕೇಳಿದಳು:

"ಕಾಕಾ, ನಮ್ಮಪ್ಪ ಇಸ್ಪೀಟ ಹೆಂಗ ಆಡ್ತಿದ್ರು? ಊರ ಮಂದಿ ಎಲ್ಲಾ ಸಾವ್ಕಾರ ಬರೇ ಸೋತಾ ಅಂತಾರ."

"ನಾ ಅಷ್ಟ ವರ್ಷ ಆ ಮೇಜಿಗೆ ಕುಂತೇನವ್ವಾ," ಎಂದೆ. "ಅವರಷ್ಟು ಚಲೋ ಆಡೋರನ್ನ ನಾ ಕಂಡಿಲ್ಲ."

ಅವಳು ತಲೆಯಾಡಿಸಿದಳು. ಹೊರಗೆ ಹಮಾಲರು ಖಾಲಿ ಚೀಲ ಝಾಡಿಸುತ್ತಿದ್ದರು. ಅದನ್ನೇ ನೋಡುತ್ತಾ ಅಂದಳು:

"ಹಂಗಾರ ಅಪ್ಪ ಅಂವನ್ನ ಸೋಲಿಸಿಬಿಡಬೇಕಿತ್ರಿ. ಅಂವ ಸೋತ ದಿನಾ ಅಷ್ಟರ ನಾ ನೆಮ್ಮದೀಲೆ ಮಕ್ಕೋತಿದ್ದೆ."